ಸಂಪರ್ಕ ಪತ್ತೆಯ ಸಾಧನವಾಗಿ ಮೊಬೈಲ್ ದೂರವಾಣಿ: ಕರ್ನಾಟಕದ ಅನುಭವದ ಚಾರಿತ್ರಿಕ ಅವಲೋಕನ

ಪೀಠಿಕೆ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ರಚಿಸುವವರು ಸಾಮಾನ್ಯವಾಗಿ ಮರಣಗಳ ಸಂಖ್ಯೆ, ಔಷಧೋಪಚಾರ, ಆಸ್ಪತ್ರೆಗಳ ಸ್ಥಾಪನೆ ಹಾಗೂ ನಗರಗಳ ವಿಸ್ತರಣೆಯತ್ತ ಗಮನ ಹರಿಸುತ್ತಾರೆ. ರೋಗಿಯು ಎಲ್ಲಿಗೆ ಹೋಗಿದ್ದನು, ಯಾರೊಡನೆ ಕುಳಿತು ಮಾತನಾಡಿದ್ದನು, ಅವರೆಲ್ಲ ಈಗ ಎಲ್ಲಿದ್ದಾರೆ ಎಂಬ ವಿವರವನ್ನು ಆಡಳಿತವು ಸಂಗ್ರಹಿಸಿದ ಬಗೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದರೆ ರೋಗ ನಿಯಂತ್ರಣದ ಕ್ರಮಗಳಲ್ಲಿ ಜನಸಾಮಾನ್ಯರ ಖಾಸಗಿ ಬದುಕಿಗೆ ಅತಿ ಸಮೀಪ ಬರುವುದು ಇದೇ ಆಗಿದೆ. ಇದನ್ನು ಇಂದಿನ ಆಡಳಿತ ಪರಿಭಾಷೆಯಲ್ಲಿ ‘ಸಂಪರ್ಕ ಪತ್ತೆ’ ಎಂದು ಕರೆಯಲಾಗುತ್ತದೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ರೋಗವನ್ನು ಜಾಗತಿಕ ಪಿಡುಗು ಎಂದು ಹೆಸರಿಸಿತು. ಅನಂತರದ ಕೆಲವೇ ವಾರಗಳಲ್ಲಿ ಹಲವು ದೇಶಗಳು ಸಂಪರ್ಕ ಪತ್ತೆಯ ಕೆಲಸವನ್ನು ಮೊಬೈಲ್ ದೂರವಾಣಿಯ ಕಿರುತಂತ್ರಾಂಶಗಳಿಗೆ, ಅಂದರೆ ಆ್ಯಪ್‌ಗಳಿಗೆ, ಒಪ್ಪಿಸಲು ಮುಂದಾದವು. ಭಾರತದ ‘ಆರೋಗ್ಯ ಸೇತು’ ಇವುಗಳಲ್ಲಿ ಒಂದು. ಈ ಪ್ರಯೋಗದಲ್ಲಿ ಕರ್ನಾಟಕದ ಪಾತ್ರ ಎರಡು ಕಾರಣಗಳಿಂದ ವಿಶಿಷ್ಟವಾದುದು. ಮೊದಲನೆಯದಾಗಿ, ಮನೆಮನೆಗೆ ನಡೆದು ಮಾಡುವ ಸಂಪರ್ಕ ಪತ್ತೆಯಲ್ಲಿ ಈ ರಾಜ್ಯವು ಆರಂಭದಲ್ಲಿ ದೇಶಕ್ಕೆ ಮಾದರಿ ಎನಿಸಿತ್ತು. ಎರಡನೆಯದಾಗಿ, ಆ್ಯಪ್ ಕಲೆಹಾಕಿದ ವಿವರಗಳ ಹಂಚಿಕೆಗೆ ಕಾನೂನಿನ ಎಲ್ಲೆಯನ್ನು ಹಾಕಿದ ಆದೇಶವು ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಬಂದಿತು. ಪ್ರಸ್ತುತ ಲೇಖನದಲ್ಲಿ ಈ ಅನುಭವವನ್ನು ಪ್ಲೇಗಿನ ಕಾಲದ ಹಿನ್ನೆಲೆಯಲ್ಲಿಟ್ಟು ವಿವೇಚಿಸಲಾಗಿದೆ. ಉಪಕರಣ ಯಾವುದೇ ಆಗಿರಲಿ, ಸಂಪರ್ಕಿತರ ಪಟ್ಟಿಯ ಯೋಗ್ಯತೆಯನ್ನು ನಿರ್ಧರಿಸುವುದು ಅದನ್ನು ಕೊಡುವವರ ವಿಶ್ವಾಸವೇ ಎಂಬುದು ಈ ವಿವೇಚನೆಯಿಂದ ಕಂಡುಬರುತ್ತದೆ.

ಪ್ಲೇಗಿನ ಕಾಲದ ಪೂರ್ವರೂಪ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಮಾರ್ಗಗಳನ್ನು ಹಿಡಿದು ದಕ್ಷಿಣಕ್ಕೆ ಸರಿಯಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಭಾರತ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೊಳಿಸಿತು. ಕೆಲವೇ ಸೆಕ್ಷನ್‌ಗಳ ಈ ಕಿರು ಕಾಯಿದೆಯು ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡುವ ಮತ್ತು ಸೋಂಕಿನ ಶಂಕೆಯುಳ್ಳವರನ್ನು ಬೇರ್ಪಡಿಸುವ ವಿಶಾಲ ಅಧಿಕಾರವನ್ನು ಆಡಳಿತಕ್ಕೆ ನೀಡಿತು. ಈ ಅಧಿಕಾರಕ್ಕೆ ಪ್ರತಿಯಾಗಿ ಪ್ರಜೆಗಳಿಗೆ ಯಾವ ರಕ್ಷಣೆಯನ್ನೂ ಅದು ಹೇಳಲಿಲ್ಲ. 2020ರಲ್ಲಿಯೂ ದೇಶದ ಅನೇಕ ಕ್ರಮಗಳು ಇದೇ ಕಾಯಿದೆಯನ್ನು ಆಶ್ರಯಿಸಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟ್ ತಿಂಗಳಲ್ಲಿ. ಆಗ ಮೈಸೂರು ಸಂಸ್ಥಾನದಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದರು; ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಪೇಟೆಯು ಸಂಸ್ಥಾನದ ಆಡಳಿತಕ್ಕೆ ಸೇರಿದ್ದರೆ ದಂಡು ಪ್ರದೇಶವು ಬ್ರಿಟಿಷರ ಅಧೀನದಲ್ಲಿತ್ತು. ಹೀಗೆ ಒಂದೇ ಊರಿನಲ್ಲಿ ಎರಡು ಆಡಳಿತಗಳು ಒಂದೇ ರೋಗವನ್ನು ಎದುರಿಸಬೇಕಾಯಿತು. ವಿ.ಪಿ. ಮಾಧವರಾಯರು ಸಂಸ್ಥಾನದ ಪ್ಲೇಗ್ ಕಮಿಷನರರಾಗಿ ಕಾರ್ಯನಿರ್ವಹಿಸಿದರು. ಇವರು ಮುಂದೆ ದಿವಾನರೂ ಆದರು. ಮನೆಗಳ ಶೋಧ, ರೋಗಿಗಳ ಪ್ರತ್ಯೇಕತೆ, ಸೋಂಕಿತ ಮನೆಯವರನ್ನು ಊರಹೊರಗಿನ ಬಿಡಾರಗಳಿಗೆ ಸಾಗಿಸುವುದು, ರೈಲು ನಿಲ್ದಾಣಗಳಲ್ಲಿ ತಪಾಸಣೆ ಇವು ಆ ಕಾಲದ ಮುಖ್ಯ ಕ್ರಮಗಳು. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳ ಬೆಳವಣಿಗೆಗೂ 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆಗೂ ಇದೇ ಹಿನ್ನೆಲೆ ಇದೆ.

ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಪ್ಲೇಗ್ ನಿವಾರಣೆಯ ಕಾರ್ಯಗಳನ್ನು ಹೊಂದಿಸಿ ನಡೆಸುವ ಸಲುವಾಗಿ ಬೆಂಗಳೂರಿನಲ್ಲಿ ಆಗ ದೂರವಾಣಿ ತಂತಿಗಳನ್ನು ಎಳೆಯಲಾಯಿತು. ಅಂದರೆ ಸಾಂಕ್ರಾಮಿಕದ ಆಡಳಿತಕ್ಕೂ ದೂರವಾಣಿಗೂ ಈ ನಗರದಲ್ಲಿ ಶತಮಾನಕ್ಕೂ ಮಿಕ್ಕಿದ ನಂಟಿದೆ. ಆದರೆ ಅಂದಿನ ದೂರವಾಣಿಯು ಅಧಿಕಾರಿಯಿಂದ ಅಧಿಕಾರಿಗೆ ಸುದ್ದಿ ಒಯ್ಯುವ ಸಾಧನವಾಗಿತ್ತು; ಪ್ರಜೆಯ ಮನೆಯಲ್ಲಿ ಅದು ಇರಲಿಲ್ಲ. 2020ರಲ್ಲಿ ಅದೇ ಸಾಧನ ಪ್ರಜೆಯ ಜೇಬಿನಲ್ಲಿದ್ದು ಅವನ ಚಲನವಲನವನ್ನು ತಾನೇ ದಾಖಲಿಸತೊಡಗಿತು.

ಪ್ಲೇಗಿನ ಕಾಲದ ಕ್ರಮಗಳಿಗೆ ಜನರಿಂದ ಬಂದ ಪ್ರತಿಕ್ರಿಯೆಯೂ ಉಲ್ಲೇಖಾರ್ಹ. 1897ರ ಜೂನ್ 22ರಂದು ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡನು ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದನು. ಸಂಸ್ಥಾನದೊಳಗೆ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1898ರ ಕೊನೆಯ ಭಾಗದಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಗಲಭೆ ನಡೆಯಿತು. ಹಿಂಸೆಯ ಪ್ರಕರಣಗಳಿಗಿಂತ ವ್ಯಾಪಕವಾಗಿದ್ದುದು ಮೌನ. ರೋಗಿಗಳನ್ನು ಮರೆಮಾಡುವುದು, ಸಾವನ್ನು ಗುಟ್ಟಾಗಿಡುವುದು, ಶೋಧಕರು ಬರುವ ಮುನ್ನ ಊರು ತೊರೆಯುವುದು ಎಲ್ಲೆಡೆ ಕಂಡುಬಂದವು. ಮದ್ರಾಸ್ ಪ್ರಾಂತ್ಯದಲ್ಲಿ ಸೋಂಕಿತ ಪ್ರದೇಶದಿಂದ ಬಂದವರಿಗೆ ‘ಪ್ಲೇಗ್ ಪಾಸ್‌ಪೋರ್ಟ್’ ನೀಡಿ, ಇಳಿದ ಊರಿನಲ್ಲಿ ನಿಗದಿತ ದಿನಗಳವರೆಗೆ ಅಧಿಕಾರಿಯ ಎದುರು ಹಾಜರಾಗುವಂತೆ ಕಟ್ಟುಪಾಡು ಮಾಡಲಾಗಿತ್ತು. ವ್ಯಕ್ತಿಯ ಪ್ರಯಾಣ ಮತ್ತು ಆರೋಗ್ಯವನ್ನು ಒಂದೇ ಚೀಟಿಯಲ್ಲಿ ಸೇರಿಸಿದ ಈ ಪದ್ಧತಿಯನ್ನು 2020ರ ಆ್ಯಪ್‌ಗಳ ದೂರದ ಪೂರ್ವಜ ಎನ್ನಬಹುದು.

ಇದಕ್ಕೆ ಭಿನ್ನವಾದ ಮಾದರಿಯೊಂದು 1970ರ ದಶಕದ ಸಿಡುಬು ನಿರ್ಮೂಲನ ಕಾರ್ಯದಲ್ಲಿ ಮೂಡಿತು. ಎಲ್ಲರಿಗೂ ಲಸಿಕೆ ಹಾಕುವುದಕ್ಕಿಂತ ರೋಗಿಯನ್ನು ಬೇಗ ಗುರುತಿಸಿ, ಅವನ ಸುತ್ತಲಿನವರನ್ನು ಪತ್ತೆಮಾಡಿ ಲಸಿಕೆ ನೀಡುವ ವಿಧಾನಕ್ಕೆ ಪ್ರಾಮುಖ್ಯ ದೊರೆಯಿತು. ಪ್ರಕರಣವನ್ನು ತಿಳಿಸಿದವರಿಗೆ ನಗದು ಬಹುಮಾನ ಘೋಷಿಸಲಾಯಿತು. 1975ರಲ್ಲಿ ಭಾರತದ ಕೊನೆಯ ಪ್ರಕರಣ ಕಂಡುಬಂದಿತು. ಪಟ್ಟಿಗೆ ಸೇರಿದವನಿಗೆ ಶಿಕ್ಷೆಯ ಬದಲು ಲಸಿಕೆಯ ರಕ್ಷಣೆ ಸಿಕ್ಕಿದ್ದು ಈ ಮಾದರಿಯ ವೈಶಿಷ್ಟ್ಯ.

ಆ್ಯಪ್‌ಗಳ ಉಗಮ ಮತ್ತು ಎರಡು ಮಾದರಿಗಳು

ಮೊಬೈಲ್ ಆ್ಯಪ್ ಆಧಾರಿತ ಸಂಪರ್ಕ ಪತ್ತೆಯು ರಾಷ್ಟ್ರಮಟ್ಟದಲ್ಲಿ ಮೊದಲು ಸ್ಪಷ್ಟ ರೂಪ ಪಡೆದದ್ದು ಸಿಂಗಪುರದಲ್ಲಿ. 2020ರ ಮಾರ್ಚ್ 20ರಂದು ಅಲ್ಲಿನ ಸರ್ಕಾರ ‘ಟ್ರೇಸ್‌ಟುಗೆದರ್’ ಎಂಬ ಆ್ಯಪ್ ಬಿಡುಗಡೆ ಮಾಡಿತು. ಇದರ ತತ್ತ್ವ ಸರಳ. ಸಮೀಪದಲ್ಲಿರುವ ಎರಡು ಮೊಬೈಲ್‌ಗಳು ಬ್ಲೂಟೂತ್ ತರಂಗಗಳ ಮೂಲಕ ಗುಪ್ತ ಸಂಕೇತಗಳನ್ನು ವಿನಿಮಯ ಮಾಡಿಕೊಂಡು ತಮ್ಮೊಳಗೆ ದಾಖಲಿಸಿಕೊಳ್ಳುತ್ತವೆ. ಒಬ್ಬರಿಗೆ ಸೋಂಕು ದೃಢಪಟ್ಟರೆ ಆ ದಾಖಲೆಯಿಂದ ಉಳಿದವರನ್ನು ಗುರುತಿಸಬಹುದು.

ಈ ಗುರುತಿಸುವಿಕೆ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಯಲ್ಲಿ ಎರಡು ಮಾದರಿಗಳು ಕವಲೊಡೆದವು. ಕೇಂದ್ರೀಕೃತ ಮಾದರಿಯಲ್ಲಿ ಸೋಂಕಿತನ ಮೊಬೈಲಿನ ಸಂಪರ್ಕ ವಿವರ ಸರ್ಕಾರದ ಸರ್ವರಿಗೆ ಹೋಗುತ್ತದೆ. ಹೊಂದಾಣಿಕೆ ಅಲ್ಲಿ ನಡೆಯುತ್ತದೆ. ವಿಕೇಂದ್ರೀಕೃತ ಮಾದರಿಯಲ್ಲಿ ಸೋಂಕಿತನ ಸಂಕೇತಗಳನ್ನು ಮಾತ್ರ ಪ್ರಕಟಿಸಲಾಗುತ್ತದೆ; ಪ್ರತಿಯೊಬ್ಬರ ಮೊಬೈಲೂ ತನ್ನಲ್ಲಿರುವ ದಾಖಲೆಯೊಡನೆ ಅವನ್ನು ತಾನೇ ಹೋಲಿಸಿ ನೋಡುತ್ತದೆ. ಹೀಗಾಗಿ ಯಾರು ಯಾರನ್ನು ಕಂಡರು ಎಂಬ ಚಿತ್ರ ಯಾವ ಕಚೇರಿಯಲ್ಲಿಯೂ ರೂಪುಗೊಳ್ಳುವುದಿಲ್ಲ. 2020ರ ಏಪ್ರಿಲ್ 10ರಂದು ಗೂಗಲ್ ಮತ್ತು ಆ್ಯಪಲ್ ಸಂಸ್ಥೆಗಳು ಈ ಎರಡನೆಯ ಮಾದರಿಗೆ ಬೆಂಬಲ ಪ್ರಕಟಿಸಿ, ಮೇ 20ರಂದು ಅದಕ್ಕೆ ಬೇಕಾದ ವ್ಯವಸ್ಥೆಯನ್ನು ತಮ್ಮ ಮೊಬೈಲ್‌ಗಳಲ್ಲಿ ಒದಗಿಸಿದವು. ಜರ್ಮನಿ ಇದನ್ನೇ ಅನುಸರಿಸಿತು. ಬ್ರಿಟನ್ ಮೊದಲು ವೈಟ್ ದ್ವೀಪದಲ್ಲಿ ಕೇಂದ್ರೀಕೃತ ಆ್ಯಪ್ ಪ್ರಯೋಗಿಸಿ, ಜೂನ್ 18ರಂದು ಅದನ್ನು ಕೈಬಿಟ್ಟು, ಸೆಪ್ಟೆಂಬರ್ 24ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ವಿಕೇಂದ್ರೀಕೃತ ಆ್ಯಪ್ ತಂದಿತು. ನಾರ್ವೆ ತನ್ನ ಮೊದಲ ಆ್ಯಪನ್ನು ಖಾಸಗಿತನದ ಆಕ್ಷೇಪಗಳ ಕಾರಣ 2020ರ ಜೂನ್‌ನಲ್ಲಿ ಸ್ಥಗಿತಗೊಳಿಸಿತು.

ಚೀನದ ‘ಆರೋಗ್ಯ ಸಂಕೇತ’ ಪದ್ಧತಿಯ ಬಗೆ ಬೇರೆ. 2020ರ ಫೆಬ್ರವರಿಯಲ್ಲಿ ಹಾಂಗ್‌ಝೌ ನಗರದಿಂದ ಹಬ್ಬಿದ ಇದು ಹಸಿರು, ಹಳದಿ, ಕೆಂಪು ಬಣ್ಣಗಳ ಮೂಲಕ ವ್ಯಕ್ತಿಯ ಸಂಚಾರವನ್ನೇ ನಿಯಂತ್ರಿಸಿತು. 2022ರ ಜೂನ್‌ನಲ್ಲಿ ಝೆಂಗ್‌ಝೌ ನಗರದಲ್ಲಿ, ತಮ್ಮ ಠೇವಣಿ ಹಣ ಕೇಳಲು ಹೊರಟಿದ್ದ ಬ್ಯಾಂಕ್ ಗ್ರಾಹಕರ ಸಂಕೇತಗಳನ್ನು ಅಧಿಕಾರಿಗಳು ಕೆಂಪಾಗಿಸಿದ ಪ್ರಕರಣ ಬಯಲಾಗಿ, ಸಂಬಂಧಿಸಿದವರು ಶಿಕ್ಷೆಗೊಳಗಾದರು. ರೋಗಕ್ಕೆಂದು ರೂಪಿಸಿದ ಸಾಧನ ಬೇರೆ ಉದ್ದೇಶಕ್ಕೆ ತಿರುಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆರೋಗ್ಯ ಸೇತು: ರಚನೆ ಮತ್ತು ಜಾರಿ

ಭಾರತದಲ್ಲಿ 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದಿತು. ಏಪ್ರಿಲ್ 2ರಂದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ‘ಆರೋಗ್ಯ ಸೇತು’ ಆ್ಯಪನ್ನು ಬಿಡುಗಡೆಗೊಳಿಸಿತು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಇದು ಲಭ್ಯವಿತ್ತು. ಹದಿಮೂರು ದಿನಗಳಲ್ಲಿ 5 ಕೋಟಿ ಜನ, ಮೇ ಮಧ್ಯಭಾಗದ ಹೊತ್ತಿಗೆ 10 ಕೋಟಿ ಜನ ಇದನ್ನು ತಮ್ಮ ಮೊಬೈಲ್‌ಗಳಿಗೆ ಇಳಿಸಿಕೊಂಡಿದ್ದರು.

ಬ್ಲೂಟೂತ್ ಜೊತೆಗೆ ಜಿಪಿಎಸ್ ಮೂಲಕ ವ್ಯಕ್ತಿಯಿದ್ದ ಸ್ಥಳವನ್ನೂ ದಾಖಲಿಸಿದುದು ಆರೋಗ್ಯ ಸೇತುವಿನ ವೈಶಿಷ್ಟ್ಯ. ಬಳಕೆದಾರನ ಹೆಸರು, ದೂರವಾಣಿ ಸಂಖ್ಯೆ, ವಯಸ್ಸು, ಲಿಂಗ, ವೃತ್ತಿ ಮತ್ತು ಪ್ರಯಾಣದ ವಿವರಗಳು ನೋಂದಣಿಯ ವೇಳೆ ಸರ್ವರಿಗೆ ಸೇರುತ್ತಿದ್ದವು. ಸಂಪರ್ಕದ ದಾಖಲೆ ಮೊಬೈಲಿನಲ್ಲಿಯೇ 30 ದಿನ ಉಳಿದು ಅಳಿಯುತ್ತಿತ್ತು. ಸೋಂಕು ದೃಢಪಟ್ಟಾಗ ಮಾತ್ರ ಅದು ಸರ್ವರಿಗೆ ಹೋಗುತ್ತಿತ್ತು. ಈ ದೃಷ್ಟಿಯಿಂದ ಇದು ಶುದ್ಧ ಕೇಂದ್ರೀಕೃತ ಮಾದರಿಯೂ ಅಲ್ಲ, ವಿಕೇಂದ್ರೀಕೃತವೂ ಅಲ್ಲ. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಮೇ ತಿಂಗಳಲ್ಲಿ 1921 ಎಂಬ ಉಚಿತ ಸಂಖ್ಯೆಯ ಧ್ವನಿ ಸೇವೆಯನ್ನು ಸೇರಿಸಲಾಯಿತು. ಅದು ರೋಗಲಕ್ಷಣಗಳನ್ನು ಕೇಳಿ ತಿಳಿಯಬಲ್ಲದಾಗಿತ್ತೇ ಹೊರತು ಸಮೀಪವಿದ್ದವರನ್ನು ದಾಖಲಿಸಲಾರದಾಗಿತ್ತು.

ಬಳಕೆಯ ಸ್ವರೂಪದಲ್ಲಿ ತ್ವರಿತ ಬದಲಾವಣೆಗಳಾದವು. ಏಪ್ರಿಲ್ ಆರಂಭದಲ್ಲಿ ಐಚ್ಛಿಕವಾಗಿದ್ದ ಆ್ಯಪನ್ನು ಏಪ್ರಿಲ್ 29ರಂದು ಕೇಂದ್ರ ಸರ್ಕಾರಿ ನೌಕರರಿಗೆ ಕಡ್ಡಾಯಗೊಳಿಸಲಾಯಿತು. ಮೇ 1ರಂದು ಗೃಹ ಸಚಿವಾಲಯವು ವಿಪತ್ತು ನಿರ್ವಹಣಾ ಕಾಯಿದೆ, 2005ರ ಅಡಿಯಲ್ಲಿ ಆದೇಶ ಹೊರಡಿಸಿ, ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳ ಎಲ್ಲ ನೌಕರರಿಗೂ ಅದನ್ನು ವಿಸ್ತರಿಸಿತು. ಉತ್ತರ ಪ್ರದೇಶದ ನೋಯ್ಡಾದಲ್ಲಿ ಆ್ಯಪ್ ಇಲ್ಲದೆ ಹೊರಬರುವುದನ್ನು ಶಿಕ್ಷಾರ್ಹವೆಂದು ಪೊಲೀಸರು ಸಾರಿ, ಅನಂತರ ಹಿಂಪಡೆದರು. ಮೇ 17ರ ಆದೇಶದಲ್ಲಿ ಕಡ್ಡಾಯದ ಭಾಷೆ ಸಡಿಲಗೊಂಡು, ನೌಕರರು ಆ್ಯಪ್ ಹೊಂದಿರುವಂತೆ ಸಂಸ್ಥೆಗಳು ಸಾಧ್ಯವಾದಷ್ಟು ಪ್ರಯತ್ನಿಸಬೇಕು ಎಂಬ ಮಾತು ಬಂದಿತು. ಖಾಸಗಿ ಮಾಹಿತಿ ರಕ್ಷಣಾ ಮಸೂದೆಯ ಮೊದಲ ಕರಡನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರು, ಕಾನೂನಿನ ಬೆಂಬಲವಿಲ್ಲದೆ ಇಂಥ ಕಡ್ಡಾಯ ಸಲ್ಲದೆಂದು ಬಹಿರಂಗವಾಗಿ ಆಕ್ಷೇಪಿಸಿದರು.

ಟೀಕೆಗಳಿಗೆ ಉತ್ತರವಾಗಿ ಎರಡು ಬೆಳವಣಿಗೆಗಳಾದವು. ಮೇ 11ರಂದು ಮಾಹಿತಿ ಹಂಚಿಕೆಯ ನಿಯಮಾವಳಿಯೊಂದನ್ನು ಹೊರಡಿಸಿ, ವಿವರಗಳನ್ನು 180 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ತಿಳಿಸಲಾಯಿತು. ಮೇ 26ರಂದು ಆ್ಯಂಡ್ರಾಯ್ಡ್ ಆವೃತ್ತಿಯ ಮೂಲ ಸಂಕೇತವನ್ನು ಸಾರ್ವಜನಿಕ ಪರಿಶೀಲನೆಗೆ ತೆರೆದಿಡಲಾಯಿತು. ಆದರೆ ನಿಯಮಾವಳಿಯು ಸಂಸತ್ತು ಅಂಗೀಕರಿಸಿದ ಕಾನೂನಾಗಿರಲಿಲ್ಲ. ಅಧಿಕಾರಿಗಳ ತಂಡವೊಂದರ ಅಧ್ಯಕ್ಷರು ಹೊರಡಿಸಿದ ಆದೇಶವಾಗಿತ್ತು. ಮುಂದಿನ ನ್ಯಾಯಿಕ ವಿಚಾರಣೆಯಲ್ಲಿ ಈ ವ್ಯತ್ಯಾಸವೇ ಮುಖ್ಯವಾಯಿತು.

ಕರ್ನಾಟಕದ ಕ್ರಮಗಳು

ಕರ್ನಾಟಕದಲ್ಲಿ ಮೊದಲ ಪ್ರಕರಣಗಳು 2020ರ ಮಾರ್ಚ್ ಎರಡನೆಯ ವಾರದಲ್ಲಿ ವರದಿಯಾದವು. ಮಾರ್ಚ್ 10ರಂದು ನಿಧನರಾದ ಕಲಬುರಗಿಯ ವೃದ್ಧರೊಬ್ಬರದು ದೇಶದ ಮೊದಲ ಕೋವಿಡ್ ಮರಣವೆಂದು ಎರಡು ದಿನಗಳ ಅನಂತರ ದೃಢಪಟ್ಟಿತು. ಆರೋಗ್ಯ ಸೇತು ಬರುವ ಮುನ್ನವೇ ರಾಜ್ಯವು ತನ್ನದೇ ಮೊಬೈಲ್ ಸಾಧನಗಳನ್ನು ಬಳಸತೊಡಗಿತ್ತು. ಸೋಂಕಿತರು ಭೇಟಿ ನೀಡಿದ್ದ ಸ್ಥಳಗಳನ್ನು ನಕಾಶೆಯಲ್ಲಿ ತೋರಿಸುವ ‘ಕೊರೋನಾ ವಾಚ್’ ಇವುಗಳಲ್ಲೊಂದು. ಮನೆಯಲ್ಲಿ ಪ್ರತ್ಯೇಕವಾಸದಲ್ಲಿರುವವರು ರಾತ್ರಿ 10ರಿಂದ ಬೆಳಗಿನ 7 ಗಂಟೆಯವರೆಗಿನ ಅವಧಿಯನ್ನು ಬಿಟ್ಟು ಪ್ರತಿ ಗಂಟೆಗೊಮ್ಮೆ ತಮ್ಮ ಭಾವಚಿತ್ರ ತೆಗೆದು ಕಳುಹಿಸಬೇಕಾಗಿದ್ದ ‘ಕ್ವಾರಂಟೈನ್ ವಾಚ್’ ಇನ್ನೊಂದು. ಚಿತ್ರದೊಡನೆ ಸ್ಥಳದ ಗುರುತೂ ಹೋಗುತ್ತಿತ್ತು. ತಪ್ಪಿದವರನ್ನು ಸರ್ಕಾರಿ ಪ್ರತ್ಯೇಕವಾಸ ಕೇಂದ್ರಕ್ಕೆ ಸಾಗಿಸಲಾಗುವುದೆಂದು ಮಾರ್ಚ್ ಕೊನೆಯಲ್ಲಿ ಪ್ರಕಟಿಸಲಾಯಿತು. ಪ್ರತ್ಯೇಕವಾಸದಲ್ಲಿದ್ದವರ ಮುಂಗೈಗೆ ಮುದ್ರೆ ಒತ್ತಲಾಯಿತು. ಅವರ ಮನೆಯ ವಿಳಾಸಗಳನ್ನೊಳಗೊಂಡ ಜಿಲ್ಲಾವಾರು ಪಟ್ಟಿಗಳೂ ಅದೇ ತಿಂಗಳಲ್ಲಿ ಪ್ರಕಟಗೊಂಡವು. ರೋಗಿಯಲ್ಲದ, ಕೇವಲ ಶಂಕೆಗೆ ಒಳಗಾದ ವ್ಯಕ್ತಿಯ ಮನೆಯನ್ನು ಊರಿಗೆಲ್ಲ ತೋರಿಸಿದ ಈ ಕ್ರಮ, ಪ್ಲೇಗಿನ ಕಾಲದಲ್ಲಿ ಸೋಂಕಿತ ಮನೆಗಳ ಗೋಡೆಗೆ ಗುರುತು ಹಾಕುತ್ತಿದ್ದ ಪದ್ಧತಿಯನ್ನು ನೆನಪಿಸುತ್ತದೆ.

ಇವುಗಳಿಗಿಂತ ಭಿನ್ನವಾಗಿ, ರಾಜ್ಯದ ಯಶಸ್ಸೆಂದು ಗುರುತಿಸಲ್ಪಟ್ಟದ್ದು ಮನುಷ್ಯರ ಮೂಲಕ ನಡೆದ ಪತ್ತೆಕಾರ್ಯ. ಸಂಪರ್ಕಿತರನ್ನು ಹೆಚ್ಚಿನ ಅಪಾಯ ಮತ್ತು ಕಡಿಮೆ ಅಪಾಯದವರೆಂದು ವಿಂಗಡಿಸಿ, ತರಬೇತಿ ಪಡೆದ ಹತ್ತು ಸಾವಿರಕ್ಕೂ ಹೆಚ್ಚು ಕ್ಷೇತ್ರ ಸಿಬ್ಬಂದಿಯನ್ನು ನಿಯೋಜಿಸಲಾಗಿತ್ತು. 2020ರ ಮೇ ತಿಂಗಳಲ್ಲಿ ನಡೆದ ಮನೆಮನೆ ಸಮೀಕ್ಷೆಯು ರಾಜ್ಯದ 168 ಲಕ್ಷ ಕುಟುಂಬಗಳ ಪೈಕಿ 153 ಲಕ್ಷ ಕುಟುಂಬಗಳನ್ನು ತಲುಪಿತು. ವೃದ್ಧರು, ಗರ್ಭಿಣಿಯರು ಹಾಗೂ ಇತರ ಕಾಯಿಲೆಗಳುಳ್ಳವರನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಈ ಎರಡು ಕಾರ್ಯಗಳನ್ನು ಉತ್ತಮ ಮಾದರಿಗಳೆಂದು ಹೆಸರಿಸಿ, ಇತರ ರಾಜ್ಯಗಳೂ ಅನುಸರಿಸುವಂತೆ ಸೂಚಿಸಿತು. ಇಲ್ಲಿಯೂ ಮೊಬೈಲ್ ಆ್ಯಪ್ ಬಳಕೆಯಾಗಿತ್ತು. ಆದರೆ ಅದು ಪ್ರಶ್ನೆ ಕೇಳುವ ಸಿಬ್ಬಂದಿಯ ಕೈಯಲ್ಲಿತ್ತು. ವಿವರ ದಾಖಲಾಗುತ್ತಿದ್ದುದು ಬಾಗಿಲಲ್ಲಿ ನಿಂತವರು ಉತ್ತರಿಸಿದ ಮೇಲೆ.

ಈ ಕಾರ್ಯದ ಭಾರವನ್ನು ಗ್ರಾಮೀಣ ಭಾಗದಲ್ಲಿ ಬಹುಮಟ್ಟಿಗೆ ಹೊತ್ತವರು ಆಶಾ ಕಾರ್ಯಕರ್ತೆಯರು. ಊರಿಗೆ ಯಾರು ಬಂದರು, ಯಾರ ಮನೆಯಲ್ಲಿ ಜ್ವರವಿದೆ ಎಂಬುದು ಅವರಿಗೆ ಪರಿಚಯದ ಬಲದಿಂದ ತಿಳಿಯುತ್ತಿತ್ತು. ಕೆಲವೆಡೆ ಅವರು ಸಂಶಯ, ನಿಂದನೆ ಮತ್ತು ಹಲ್ಲೆಗಳನ್ನೂ ಎದುರಿಸಿದರು. 2020ರ ಜುಲೈ 10ರಿಂದ ಮಾಸಿಕ 12,000 ರೂಪಾಯಿ ಗೌರವಧನ ಹಾಗೂ ರಕ್ಷಣಾ ಸಾಮಗ್ರಿಗಳ ಬೇಡಿಕೆಯನ್ನು ಮುಂದಿಟ್ಟು ಅವರು ರಾಜ್ಯವ್ಯಾಪಿ ಮುಷ್ಕರ ನಡೆಸಿದರು. ಅದೇ ತಿಂಗಳು ಬೆಂಗಳೂರಿನಲ್ಲಿ ಪ್ರಕರಣಗಳು ಏರಿ 14ರಿಂದ 22ರವರೆಗೆ ಮತ್ತೆ ಲಾಕ್‌ಡೌನ್ ವಿಧಿಸಬೇಕಾಯಿತು. ಪ್ರಕರಣಗಳ ವೇಗ ಸಿಬ್ಬಂದಿಯ ವೇಗವನ್ನು ಮೀರಿದ ಇಂಥ ಘಟ್ಟದಲ್ಲಿಯೇ ಆ್ಯಪ್ ನೆರವಾಗಬೇಕಿತ್ತು. ಆದರೆ ಅದರ ಎಚ್ಚರಿಕೆಯನ್ನು ಸ್ವೀಕರಿಸಿ, ಪರೀಕ್ಷೆಗೆ ಕರೆದೊಯ್ದು, ಪ್ರತ್ಯೇಕವಾಸದ ಅವಧಿಯಲ್ಲಿ ಕುಟುಂಬವನ್ನು ವಿಚಾರಿಸಿಕೊಳ್ಳಲು ಮತ್ತೆ ಅದೇ ಸಿಬ್ಬಂದಿ ಬೇಕಾಗಿತ್ತು.

ಉಚ್ಚ ನ್ಯಾಯಾಲಯದ ಮಧ್ಯಂತರ ಆದೇಶಗಳು

ಆರೋಗ್ಯ ಸೇತುವಿನ ಕಡ್ಡಾಯ ಬಳಕೆಯನ್ನು ಪ್ರಶ್ನಿಸಿ ಅನಿವರ್ ಅರವಿಂದ್ ಅವರು 2020ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಈ ಪ್ರಕರಣದ ತಾತ್ತ್ವಿಕ ಹಿನ್ನೆಲೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪು ಇದೆ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನವನ್ನು ಮಿತಿಗೊಳಿಸಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದ ಕ್ರಮವಿರಬೇಕು ಎಂಬ ಅಳತೆಗೋಲು ಅಲ್ಲಿಂದ ಬಂದಿತು.

2020ರ ಅಕ್ಟೋಬರ್ 19ರಂದು ಉಚ್ಚ ನ್ಯಾಯಾಲಯವು, ಶಾಸನದ ಆಧಾರವಿಲ್ಲದಿರುವಾಗ ಆ್ಯಪ್ ಹೊಂದಿಲ್ಲವೆಂಬ ಒಂದೇ ಕಾರಣಕ್ಕೆ ಯಾವ ನಾಗರಿಕನಿಗೂ ಸರ್ಕಾರವಾಗಲಿ ಅದರ ಸಂಸ್ಥೆಗಳಾಗಲಿ ಸೌಲಭ್ಯವನ್ನು ನಿರಾಕರಿಸುವಂತಿಲ್ಲವೆಂದು ಸ್ಪಷ್ಟಪಡಿಸಿತು. 2021ರ ಜನವರಿ 25ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಮತ್ತು ನ್ಯಾಯಮೂರ್ತಿ ವಿಶ್ವಜಿತ್ ಶೆಟ್ಟಿ ಅವರ ಪೀಠ ನೀಡಿದ ಮಧ್ಯಂತರ ಆದೇಶ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬಳಕೆದಾರನು ಒಪ್ಪಿಗೆ ನೀಡಿರುವುದು ಆ್ಯಪಿನ ಖಾಸಗಿತನ ನೀತಿಯಲ್ಲಿ ಹೇಳಿರುವಷ್ಟಕ್ಕೆ. ಮೇ 11ರ ನಿಯಮಾವಳಿಯ ಅಡಿಯಲ್ಲಿ ವಿವರಗಳನ್ನು ಇತರ ಇಲಾಖೆ, ಸಂಸ್ಥೆಗಳೊಡನೆ ಹಂಚಿಕೊಳ್ಳುವ ವಿಷಯ ಅವನಿಗೆ ತಿಳಿಸಲ್ಪಟ್ಟಿಲ್ಲ. ಆದ್ದರಿಂದ ಆ ಹಂಚಿಕೆಗೆ ಅವನ ತಿಳಿದು ನೀಡಿದ ಒಪ್ಪಿಗೆ ಇದೆಯೆನ್ನಲಾಗದು ಎಂಬುದು ನ್ಯಾಯಾಲಯದ ಪ್ರಾಥಮಿಕ ಅಭಿಪ್ರಾಯ. ಅಂತೆಯೇ ಒಪ್ಪಿಗೆಯಿಲ್ಲದ ಹಂಚಿಕೆಯನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಯಿತು.

ಈ ಆದೇಶವು ಆ್ಯಪಿನ ಬಳಕೆಯನ್ನು ನಿಷೇಧಿಸಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಒಪ್ಪಿಗೆಯ ಎಲ್ಲೆಯನ್ನು ಗುರುತಿಸಿತು. ಒಂದು ಉದ್ದೇಶಕ್ಕೆ ಕೊಟ್ಟ ವಿವರ ಇನ್ನೊಂದು ಉದ್ದೇಶಕ್ಕೆ ಸಲ್ಲಬೇಕಾದರೆ ಮತ್ತೊಮ್ಮೆ ಕೇಳಬೇಕೆಂಬ ತತ್ತ್ವವನ್ನು ಅದು ಎತ್ತಿಹಿಡಿಯಿತು. 1898ರ ಶೋಧಕನ ಎದುರು ಬಾಗಿಲು ಮುಚ್ಚುವುದಷ್ಟೇ ಪ್ರಜೆಗೆ ತಿಳಿದಿದ್ದ ಉಪಾಯ. 2020ರ ಪ್ರಜೆಗೆ ನ್ಯಾಯಾಲಯದ ಬಾಗಿಲು ತೆರೆದಿತ್ತು. ಎರಡು ಕಾಲಗಳ ನಡುವಿನ ನಿಜವಾದ ಅಂತರ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಇಲ್ಲಿಯೇ ಇದೆ.

ಫಲಾಫಲಗಳ ವಿವೇಚನೆ

ಆ್ಯಪ್‌ಗಳಿಂದ ರೋಗ ಎಷ್ಟರಮಟ್ಟಿಗೆ ತಗ್ಗಿತು ಎಂಬ ಪ್ರಶ್ನೆಗೆ ದೇಶದಿಂದ ದೇಶಕ್ಕೆ ಉತ್ತರ ಬೇರೆಯಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಆ್ಯಪನ್ನು ಅಧ್ಯಯನ ಮಾಡಿದ ವಿದ್ವಾಂಸರು 2021ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಅದರಂತೆ 2020ರ ಕೊನೆಯ ಮೂರು ತಿಂಗಳುಗಳಲ್ಲಿ ಜನಸಂಖ್ಯೆಯ ಸುಮಾರು ಶೇ. 28ರಷ್ಟು ಮಂದಿ ಆ್ಯಪನ್ನು ನಿಯತವಾಗಿ ಬಳಸಿದ್ದು, ಲೆಕ್ಕಾಚಾರದ ವಿಧಾನಕ್ಕನುಗುಣವಾಗಿ 2.84 ಲಕ್ಷದಿಂದ 5.94 ಲಕ್ಷ ಪ್ರಕರಣಗಳು ತಪ್ಪಿದ್ದವು. ಇದಕ್ಕೆ ವಿರುದ್ಧವಾಗಿ ಆಸ್ಟ್ರೇಲಿಯಾದ ‘ಕೋವಿಡ್‌ಸೇಫ್’ ಆ್ಯಪಿಗೆ ಎರಡು ಕೋಟಿ ಡಾಲರಿಗೂ ಮಿಕ್ಕಿ ವೆಚ್ಚವಾಗಿ, ಸಿಬ್ಬಂದಿ ಗುರುತಿಸಿರದ ಕೇವಲ 17 ನಿಕಟ ಸಂಪರ್ಕಿತರು ಅದರಿಂದ ಪತ್ತೆಯಾಗಿದ್ದರೆಂದು 2022ರ ಆಗಸ್ಟ್‌ನಲ್ಲಿ ಅದನ್ನು ಕೈಬಿಡುವಾಗ ಅಲ್ಲಿನ ಸರ್ಕಾರ ತಿಳಿಸಿತು.

ತಾಂತ್ರಿಕ ಮಿತಿಗಳು ಎಲ್ಲೆಡೆ ಸಮಾನವಾಗಿದ್ದವು. ಬ್ಲೂಟೂತ್ ತರಂಗದ ಬಲದಿಂದ ಅಂತರವನ್ನು ಊಹಿಸುವುದು ಕರಾರುವಾಕ್ಕಲ್ಲ. ಗೋಡೆಯಾಚೆಯ ನೆರೆಯವನನ್ನೂ ಅದು ಸಂಪರ್ಕಿತನೆಂದು ಎಣಿಸಬಲ್ಲದು. ಕೈಚೀಲದೊಳಗಿನ ಮೊಬೈಲನ್ನು ದೂರವಿದೆಯೆಂದು ಬಿಟ್ಟುಬಿಡಬಹುದು. ಎರಡೂ ಕಡೆ ಆ್ಯಪ್ ಇದ್ದಾಗ ಮಾತ್ರ ದಾಖಲೆಯಾಗುವುದರಿಂದ, ಬಳಕೆದಾರರು ಅರ್ಧದಷ್ಟಿದ್ದರೆ ಭೇಟಿಗಳ ಕಾಲುಭಾಗ ಮಾತ್ರ ದಾಖಲೆಗೆ ಬರುತ್ತದೆ. ಭಾರತದಂಥ ದೇಶದಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಕೂಲಿಕಾರ, ಮನೆಗೆಲಸದಾಕೆ, ವೃದ್ಧರು ಈ ಲೆಕ್ಕದಿಂದಲೇ ಹೊರಗುಳಿದರು. ರೋಗಕ್ಕೆ ಹೆಚ್ಚು ಒಡ್ಡಿಕೊಂಡಿದ್ದವರಲ್ಲಿ ಇಂಥವರ ಸಂಖ್ಯೆ ಸಣ್ಣದಲ್ಲ.

ವಿಶ್ವಾಸದ ಪ್ರಶ್ನೆಗೆ ಸಿಂಗಪುರವೇ ಉತ್ತಮ ಉದಾಹರಣೆ. ವಿವರಗಳನ್ನು ಸಂಪರ್ಕ ಪತ್ತೆಗಲ್ಲದೆ ಬೇರಾವುದಕ್ಕೂ ಬಳಸುವುದಿಲ್ಲವೆಂದು ಅಲ್ಲಿನ ಸಚಿವರು 2020ರಲ್ಲಿ ಭರವಸೆ ನೀಡಿದ್ದರು. 2021ರ ಜನವರಿಯ ವೇಳೆಗೆ ಸುಮಾರು ಶೇ. 78ರಷ್ಟು ನಿವಾಸಿಗಳು ಅದರಲ್ಲಿ ಪಾಲ್ಗೊಂಡಿದ್ದರು. ಅದೇ ತಿಂಗಳು, ಅಪರಾಧ ತನಿಖೆಗಾಗಿ ಪೊಲೀಸರು ಆ ವಿವರಗಳನ್ನು ಪಡೆಯಬಹುದೆಂದು ಸಂಸತ್ತಿನಲ್ಲಿ ಒಪ್ಪಿಕೊಳ್ಳಲಾಯಿತು. ಸಾರ್ವಜನಿಕ ಅಸಮಾಧಾನದ ಕಾರಣ ಫೆಬ್ರವರಿಯಲ್ಲಿ ಕಾನೂನು ತಂದು, ಪೊಲೀಸರ ಬಳಕೆಯನ್ನು ಏಳು ಬಗೆಯ ಗಂಭೀರ ಅಪರಾಧಗಳಿಗೆ ಸೀಮಿತಗೊಳಿಸಲಾಯಿತು. ಬೆಂಗಳೂರಿನ ನ್ಯಾಯಾಲಯ ಅದೇ ಜನವರಿಯಲ್ಲಿ ಎತ್ತಿದ ಪ್ರಶ್ನೆಯೂ ಇದೇ ಬಗೆಯದು. ಭರವಸೆಯು ಕಾನೂನಿನ ರೂಪದಲ್ಲಿ ಇಲ್ಲದಿದ್ದರೆ ಅದರ ಆಯುಸ್ಸು ಎಷ್ಟು ಎಂಬುದನ್ನು ಎರಡೂ ಪ್ರಸಂಗಗಳು ಕೇಳಿದವು.

ದಾಖಲೆಗಳ ಪ್ರಶ್ನೆ

ಚರಿತ್ರೆಯ ಅಧ್ಯಯನಕಾರರಿಗೆ ಈ ವಿಷಯ ಇನ್ನೊಂದು ಮುಖದಿಂದಲೂ ಮಹತ್ತ್ವದ್ದು. ಪ್ಲೇಗಿನ ಕಾಲದ ಆಡಳಿತ ವರದಿಗಳು, ಸುತ್ತೋಲೆಗಳು ಹಾಗೂ ಪತ್ರವ್ಯವಹಾರ ಉಳಿದುಬಂದಿರುವುದರಿಂದಲೇ ಆ ಕಾಲವನ್ನು ಇಂದು ಪುನಾರಚಿಸಲು ಸಾಧ್ಯವಾಗಿದೆ. 2020ರ ದಾಖಲೆಗಳ ಗತಿ ಭಿನ್ನವಾಗಿದೆ. ಆರೋಗ್ಯ ಸೇತುವಿನ ಸಂಪರ್ಕ ಪತ್ತೆಯ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿ, ಅದರಿಂದ ಸಂಗ್ರಹವಾದ ವಿವರಗಳನ್ನು ಅಳಿಸಲಾಗಿದೆಯೆಂದು 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ತಿಳಿಸಿತು. ಪ್ರಜೆಗಳಿಗೆ ಕೊಟ್ಟ ಮಾತಿನ ದೃಷ್ಟಿಯಿಂದ ಇದು ಯುಕ್ತವಾದುದೇ. ಯಾರು ಯಾರನ್ನು ಕಂಡರೆಂಬ ವಿವರ ಸಂಶೋಧಕನ ಕುತೂಹಲಕ್ಕಾಗಿ ಉಳಿಯಬೇಕೆಂದು ಯಾರೂ ವಾದಿಸಲಾರರು.

ಆದರೆ ವ್ಯಕ್ತಿಗಳ ವಿವರ ಬೇರೆ, ಆಡಳಿತದ ನಿರ್ಣಯಗಳ ದಾಖಲೆ ಬೇರೆ. ಆ್ಯಪನ್ನು ರೂಪಿಸಿದವರು ಯಾರು, ಆ ಸಂಬಂಧದ ಕಡತಗಳು ಎಲ್ಲಿವೆ ಎಂದು ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿದ ಪ್ರಶ್ನೆಗೆ ಸಂಬಂಧಿಸಿದ ಕಚೇರಿಗಳಿಂದ ಸಮರ್ಪಕ ಉತ್ತರ ಬರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗವು ಇದನ್ನು ತೀವ್ರವಾಗಿ ಆಕ್ಷೇಪಿಸಿ ಕಾರಣ ಕೇಳುವ ನೋಟಿಸು ನೀಡಿತು. ಅನಂತರ ಸರ್ಕಾರವು, ಉದ್ಯಮ ಮತ್ತು ವಿದ್ವತ್ ವಲಯದ ಸ್ವಯಂಸೇವಕರ ಸಹಯೋಗದಿಂದ ಆ್ಯಪ್ ಸಿದ್ಧವಾಯಿತೆಂದು ಸ್ಪಷ್ಟನೆ ಕೊಟ್ಟಿತು. ಪ್ಲೇಗ್ ಕಮಿಷನರರ ಹೆಸರು, ಅಧಿಕಾರ, ಆದೇಶಗಳು 1898ರ ವಿಷಯದಲ್ಲಿ ತಿಳಿಯುತ್ತವೆ. ಕೋಟ್ಯಂತರ ಜನ ಬಳಸಿದ ಸಾಧನವೊಂದರ ಕಡತ ಅದು ಹುಟ್ಟಿದ ವರ್ಷದಲ್ಲಿಯೇ ದೊರೆಯದಿದ್ದುದು ಆಲೋಚನೆಗೆ ಅರ್ಹವಾದ ಸಂಗತಿ.

ಈ ಪ್ರಶ್ನೆ ಗತಕಾಲಕ್ಕೆ ಮಾತ್ರ ಸೇರಿದುದಲ್ಲ. 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು, ಸಾಂಕ್ರಾಮಿಕದ ವೇಳೆ ಆರೋಗ್ಯ ಸೇವೆ ಒದಗಿಸುವ ಕ್ರಮಗಳಿಗಾಗಿ ವ್ಯಕ್ತಿಯ ಒಪ್ಪಿಗೆಯಿಲ್ಲದೆಯೂ ವಿವರಗಳನ್ನು ಬಳಸಲು ಅವಕಾಶ ಕಲ್ಪಿಸಿದೆ. 2020ರಲ್ಲಿ ಇಲ್ಲದಿದ್ದ ಶಾಸನದ ಆಧಾರ ಹೀಗೆ ಒದಗಿತಾದರೂ, 2021ರಲ್ಲಿ ಉಚ್ಚ ನ್ಯಾಯಾಲಯ ಒತ್ತಿ ಹೇಳಿದ ಒಪ್ಪಿಗೆಯ ತತ್ತ್ವಕ್ಕೆ ಅಂಥ ಸಂದರ್ಭದಲ್ಲಿ ಎಷ್ಟು ಸ್ಥಾನ ಉಳಿಯುವುದೆಂಬುದು ಮುಂದಿನ ನ್ಯಾಯಿಕ ವ್ಯಾಖ್ಯಾನಕ್ಕೆ ಬಿಟ್ಟ ವಿಷಯವಾಗಿದೆ.

ಉಪಸಂಹಾರ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮೊಬೈಲ್ ಆ್ಯಪ್ ಮೂಲಕ ನಡೆದ ಸಂಪರ್ಕ ಪತ್ತೆಯು ಪೂರ್ಣವಾಗಿ ಹೊಸತಲ್ಲ. ಮನೆಶೋಧ, ಪ್ರಯಾಣದ ಚೀಟಿ, ಸೋಂಕಿತ ಮನೆಯ ಗುರುತುಗಳ ಪರಂಪರೆಯಲ್ಲಿ ಅದಕ್ಕೆ ಸ್ಥಾನವಿದೆ. ಎರಡನೆಯದಾಗಿ, ಕರ್ನಾಟಕದಲ್ಲಿ ಮೆಚ್ಚುಗೆ ಗಳಿಸಿದ್ದು ಆ್ಯಪ್‌ಗಿಂತ ಮುಖ್ಯವಾಗಿ ಸಿಬ್ಬಂದಿಯ ಶ್ರಮ. ಊರಿನ ಪರಿಚಯವುಳ್ಳವರು ಕೇಳಿದಾಗ ಜನ ಉತ್ತರಿಸಿದರು. ಆದರೆ ಆ ಶ್ರಮಕ್ಕೆ ತಕ್ಕ ಗೌರವಧನಕ್ಕಾಗಿ ಅವರು ಪಿಡುಗಿನ ನಡುವೆಯೇ ಮುಷ್ಕರ ಹೂಡಬೇಕಾಯಿತು. ಮೂರನೆಯದಾಗಿ, ವಿವರ ನೀಡಿದವನಿಗೆ ಅದರಿಂದ ಹಾನಿಯಾಗದೆಂಬ ಖಾತರಿ ಕಾನೂನಿನಲ್ಲಿರಬೇಕೆಂಬ ವಿಚಾರಕ್ಕೆ ಬೆಂಗಳೂರಿನಲ್ಲಿ ಹೊರಟ ಎರಡು ಮಧ್ಯಂತರ ಆದೇಶಗಳು ಬಲ ನೀಡಿದವು.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್-19ರ ಜಾಗತಿಕ ಆರೋಗ್ಯ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆ್ಯಪ್‌ಗಳು ಒಂದೊಂದಾಗಿ ನಿಂತುಹೋಗಿವೆ. ಅವುಗಳ ಆದೇಶ, ಸುತ್ತೋಲೆ, ನಿಯಮಾವಳಿ, ಒಪ್ಪಂದ ಹಾಗೂ ಮೂಲ ಸಂಕೇತಗಳನ್ನು ರಾಜ್ಯ ಪತ್ರಾಗಾರ ಮತ್ತು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕ್ರಮವಾಗಿ ಸಂಗ್ರಹಿಸಿಡುವುದು ಅಗತ್ಯ. ಆಶಾ ಕಾರ್ಯಕರ್ತೆಯರ ಹಾಗೂ ಕ್ಷೇತ್ರ ಸಿಬ್ಬಂದಿಯ ಮೌಖಿಕ ಹೇಳಿಕೆಗಳನ್ನು ಅವರ ಸಮ್ಮತಿಯೊಡನೆ ದಾಖಲಿಸುವ ಕಾರ್ಯವೂ ಇದರೊಡನೆ ನಡೆಯಬೇಕಾಗಿದೆ. ಪ್ರಜೆಗಳ ಖಾಸಗಿ ವಿವರ ಅಳಿದು, ಆಡಳಿತದ ನಿರ್ಣಯಗಳ ದಾಖಲೆ ಉಳಿದಾಗ ಮಾತ್ರ ಮುಂದಿನ ಪಿಡುಗಿನ ವೇಳೆ ಆಳುವವರಿಗೂ ಪ್ರಜೆಗಳಿಗೂ ಈ ಅನುಭವ ಉಪಯುಕ್ತವಾಗಬಲ್ಲದು.